ಗೆಜೆಟ್‌ಗಾಗಿ ಕಾದ ಹದಿನೆಂಟು ತಿಂಗಳು

ಸಂಸತ್ತು ಒಪ್ಪಿ ರಾಷ್ಟ್ರಪತಿಗಳು ಅಂಕಿತ ಹಾಕಿದ ಕಾಯ್ದೆ ಅದೇ ದಿನದಿಂದ ನಡೆಯುತ್ತದೆ ಎಂಬ ನಂಬಿಕೆ ಅರ್ಧದಷ್ಟು ಮಾತ್ರ ಸರಿ. ಜಾರಿಯ ದಿನವನ್ನು ಕಾಯ್ದೆಯೇ ಹೇಳದಿದ್ದರೆ ಅಂಕಿತದ ದಿನವನ್ನೇ ಹಿಡಿಯಬೇಕೆಂದು 1897ರ ಸಾಮಾನ್ಯ ಖಂಡಗಳ ಅಧಿನಿಯಮ ಹೇಳುತ್ತದೆ. ಆದರೆ ಬಹಳಷ್ಟು ಕಾಯ್ದೆಗಳ ಮೊದಲ ಪ್ರಕರಣದಲ್ಲೇ, ಸರ್ಕಾರವು ರಾಜ್ಯಪತ್ರದಲ್ಲಿ (ಅಂದರೆ ಗೆಜೆಟ್‌ನಲ್ಲಿ) ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದಂಥ ದಿನಾಂಕದಂದು ಇದು ಜಾರಿಗೆ ಬರತಕ್ಕದ್ದು ಎಂಬ ಒಕ್ಕಣೆ ಇರುತ್ತದೆ. 1961ರ ವಕೀಲರ ಅಧಿನಿಯಮದ 30ನೇ ಪ್ರಕರಣಕ್ಕೆ ಆ ದಿನಾಂಕ ಕೂಡಿಬಂದದ್ದು 2011ರ ಜೂನ್ 15ರಂದು. 1978ರ 44ನೇ ಸಂವಿಧಾನ ತಿದ್ದುಪಡಿಯಲ್ಲಿ ಮುಂಜಾಗ್ರತಾ ಬಂಧನದ ಭಾಗಕ್ಕಂತೂ ಅದು ಇನ್ನೂ ಬಂದಿಲ್ಲ. ದಿನ ಗೊತ್ತುಮಾಡಿರೆಂದು ಆಜ್ಞಾಪಿಸಲು ಸುಪ್ರೀಂ ಕೋರ್ಟ್ ಕೂಡ ಒಪ್ಪಿಲ್ಲ. ಹೆಚ್ಚೆಂದರೆ, ಪರಿಶೀಲಿಸಿ ಎಂದಿದೆ.

ಹುಬ್ಬಳ್ಳಿ-ಧಾರವಾಡ, ಗದಗ ಭಾಗದ ಜನರಿಗೆ ರಾಜ್ಯಪತ್ರದ ಬೆಲೆ ತಿಳಿದದ್ದು ಗೋವಾದೊಂದಿಗಿನ ಮಹದಾಯಿ ನದಿ ನೀರಿನ ವಿವಾದದಿಂದ. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ಅದರಲ್ಲಿ ಕಳಸಾ-ಬಂಡೂರಿ ಕಾಲುವೆ ಯೋಜನೆಯ ಮೂಲಕ ಮಲಪ್ರಭಾ ನದಿಗೆ ತಿರುಗಿಸಬಹುದಾದದ್ದು 3.9 ಟಿಎಂಸಿ ಅಡಿ. 2015ರ ಜುಲೈನಿಂದ ನರಗುಂದದಲ್ಲಿ ಧರಣಿ ಕುಳಿತಿದ್ದ ರೈತರಿಗೆ ಇದು ಕಡಿಮೆಯೆನಿಸಿತ್ತು, ಆದರೂ ಕೆಲಸವಾದರೂ ಶುರುವಾದೀತು ಎಂಬ ಆಸೆಯಿತ್ತು. ಶುರುವಾಗುವಂತಿರಲಿಲ್ಲ. 1956ರ ಅಂತರರಾಜ್ಯ ನದಿ ನೀರು ವಿವಾದಗಳ ಅಧಿನಿಯಮದ 6ನೇ ಪ್ರಕರಣದಂತೆ, ಕೇಂದ್ರವು ರಾಜ್ಯಪತ್ರದಲ್ಲಿ ಪ್ರಕಟಿಸಿದ ಮೇಲೆಯೇ ತೀರ್ಪಿಗೆ ಸುಪ್ರೀಂ ಕೋರ್ಟ್ ಡಿಕ್ರಿಯ ಬಲ ಬರುತ್ತದೆ. ಪ್ರಕಟಿಸತಕ್ಕದ್ದು ಎಂದು ಕಾನೂನು ಹೇಳುತ್ತದೆ, ಎಷ್ಟು ದಿನದೊಳಗೆ ಎಂದು ಹೇಳುವುದಿಲ್ಲ. ಈ ಮೌನವೇ ಎಲ್ಲರಿಗೂ ಅನುಕೂಲವಾಯಿತೇನೋ. ಸ್ಪಷ್ಟೀಕರಣದ ಅರ್ಜಿಗಳು, ಮೇಲ್ಮನವಿಗಳು ಒಂದರ ಮೇಲೊಂದು ಬಂದವು. ಹಳ್ಳಿಯ ಕಟ್ಟೆಗಳಲ್ಲಿ ಮಾತ್ರ ‘ಗೆಜೆಟ್ ಆತೇನ್ರಿ?’ ಎಂಬ ಒಂದೇ ಪ್ರಶ್ನೆ ಉಳಿಯಿತು. ಕಾವೇರಿಯ 2007ರ ಐತೀರ್ಪು 2013ರ ಫೆಬ್ರುವರಿಯಲ್ಲಿ ರಾಜ್ಯಪತ್ರ ಸೇರಿದ್ದನ್ನು ನೆನೆದವರಿಗೆ ಈ ಕಾಯುವಿಕೆ ಹೊಸದೆನಿಸಿರಲಿಕ್ಕಿಲ್ಲ.

ಕೊನೆಗೆ 2020ರ ಫೆಬ್ರುವರಿ 20ರಂದು, ಬಾಕಿಯಿದ್ದ ಮೇಲ್ಮನವಿಗಳ ಫಲಿತಾಂಶಕ್ಕೆ ಒಳಪಟ್ಟು ಪ್ರಕಟಿಸಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. 27ರಂದು ಅಧಿಸೂಚನೆ ಹೊರಬಿತ್ತು. ವರ್ಷವೂ ಅರ್ಧವೂ ಬೇಡಿದ ಕೆಲಸ ಒಂದು ವಾರದಲ್ಲಿ ಮುಗಿಯಿತು.

ತೀರ್ಪಿಗೆ ಬಲ ಬಂತು, ಆದರೆ ಕಾಲುವೆ ತೋಡುವ ಅನುಮತಿ ಅದರಲ್ಲಿರಲಿಲ್ಲ. ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿದ್ದು 2022ರ ಡಿಸೆಂಬರ್ ಕೊನೆಯಲ್ಲಿ. ಮಲಪ್ರಭೆಯ ನೀರನ್ನೇ ಕುಡಿಯುವ ಅವಳಿ ನಗರದಲ್ಲಿ ಆಮೇಲೆ ಕೇಳಿಬಂದ ಪ್ರಶ್ನೆ ಅರಣ್ಯ ಮತ್ತು ವನ್ಯಜೀವಿ ಅನುಮತಿಯದು. ಆ ಕಡತಗಳಿಗೆ ರಾಜ್ಯಪತ್ರದ ಹಾದಿಯೇ ಬೇಕಿಲ್ಲ.