ಸಾಕುಹಕ್ಕಿಗೆ ಫ್ಲ್ಯಾಶ್ ಕೊಳ್ಳುವ ಮುನ್ನ ನೋಡಬೇಕಾದದ್ದು ಮಿಂಚಿನ ಅವಧಿ

ಮದುವೆ, ಉಪನಯನಗಳ ಕೆಲಸದ ನಡುವೆ ಶಿರಸಿಯ ನನ್ನ ಸ್ಟುಡಿಯೋಕ್ಕೆ ಈಚಿನ ವರ್ಷಗಳಲ್ಲಿ ಹಕ್ಕಿ ಸಾಕುವವರೂ ಬರತೊಡಗಿದ್ದಾರೆ. ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರದ ಮನೆಗಳಿಗೆ ನಾನೇ ಹೋಗಿ ತೆಗೆದುಕೊಡುವುದೂ ಉಂಟು. ಫೋಟೊ ಕೈಗೆ ಬಂದ ಮೇಲೆ ಅವರಲ್ಲಿ ಬಹುತೇಕರು ಕೇಳುವುದು, ಇನ್ನು ಮುಂದೆ ತಾವೇ ತೆಗೆಯುವುದಾದರೆ ಯಾವ ಫ್ಲ್ಯಾಶ್ ಕೊಳ್ಳಬೇಕು ಎಂದು. ಅಂಗಡಿಯಲ್ಲಿ ಸಾಮಾನ್ಯವಾಗಿ ಶಕ್ತಿ ಹೆಚ್ಚಿರುವುದನ್ನೇ ಮುಂದಿಡುತ್ತಾರೆ. ನನ್ನ ಸಲಹೆ ಬೇರೆ: ಒಂದು ದೊಡ್ಡ ಲೈಟಿನ ಹಣದಲ್ಲಿ ಕಡಿಮೆ ಶಕ್ತಿಯಲ್ಲಿ ಚಕ್ಕನೆ ಮಿಂಚಿ ಆರುವ ಎರಡು ಸಣ್ಣ ಫ್ಲ್ಯಾಶುಗಳನ್ನು ಕೊಳ್ಳಿ. ಸಾಕುಹಕ್ಕಿ ಎಂದಾಗ ನಾನು ಹೇಳುತ್ತಿರುವುದು ಇಲ್ಲಿ ಎಲ್ಲರೂ ಲವ್ ಬರ್ಡ್ಸ್ ಎಂದೇ ಕರೆಯುವ ಬಜರಿಗರ್, ಕಾಕಟೀಲ್, ಫಿಂಚ್‌ಗಳ ವಿಷಯ. ನಮ್ಮ ತೋಟಗಳಿಗೆ ಬರುವ ಗಿಳಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ, ಅವನ್ನು ಪಂಜರದಲ್ಲಿಟ್ಟು ಫೋಟೊ ಕೇಳಿದವರ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಈ ಸಲಹೆಯ ಹಿಂದೆ ನನ್ನದೇ ಒಂದು ತಪ್ಪು ಖರೀದಿಯಿದೆ. ಮೊದಲ ಸಲ ಕಾಕಟೀಲ್ ಒಂದರ ಫೋಟೊ ತೆಗೆಯುವಾಗ, ಮಾರಾಟಗಾರರ ಮಾತು ಕೇಳಿ ತಂದಿದ್ದ 300 ವ್ಯಾಟ್-ಸೆಕೆಂಡಿನ ಸ್ಟುಡಿಯೋ ಲೈಟನ್ನು ಅದರ ಕನಿಷ್ಠ ಶಕ್ತಿಗೆ ಇಳಿಸಿ ಹಚ್ಚಿದ್ದೆ. ಹಕ್ಕಿ ಕೋಲಿನ ಮೇಲೆ ಕೂತಲ್ಲೇ ರೆಕ್ಕೆ ಬಡಿಯಿತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಕೆನ್ನೆಯ ಕಿತ್ತಳೆ ಬೊಟ್ಟು, ಕೋಲನ್ನು ಹಿಡಿದ ಉಗುರು, ಜುಟ್ಟಿನ ಒಂದೊಂದು ಎಳೆ ಎಲ್ಲವೂ ಸ್ಪಷ್ಟವಾಗಿದ್ದವು. ರೆಕ್ಕೆಯ ತುದಿ ಮಾತ್ರ ಹೊಗೆಯ ಹಾಗೆ ಹರಡಿಕೊಂಡಿತ್ತು. ವೋಲ್ಟೇಜ್ ತಗ್ಗಿಸಿ ಶಕ್ತಿ ಕಡಿಮೆ ಮಾಡುವ ಹಳೆಯ ವಿನ್ಯಾಸದ ಸ್ಟುಡಿಯೋ ಲೈಟುಗಳಲ್ಲಿ ಶಕ್ತಿ ಇಳಿಸಿದಷ್ಟೂ ಮಿಂಚು ಉದ್ದವಾಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ಸಣ್ಣ ಫ್ಲ್ಯಾಶಿನ ಕ್ರಮ ಇದಕ್ಕೆ ತದ್ವಿರುದ್ಧ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಅದರ ಕೆಪಾಸಿಟರಿನಿಂದ ಅದು ಹರಿಯುತ್ತಿರುವಾಗಲೇ ಐಜಿಬಿಟಿ ಎಂಬ ಸ್ವಿಚ್ಚು ನಡುವೆ ಕಡಿದುಬಿಡುತ್ತದೆ. ಹಾಗಾಗಿ ಶಕ್ತಿ ಇಳಿಸಿದಷ್ಟೂ ಮಿಂಚು ಚಿಕ್ಕದಾಗುತ್ತದೆ. ಪೂರ್ಣ ಶಕ್ತಿಯಲ್ಲಿ ಸುಮಾರು 1/300 ಸೆಕೆಂಡು ಉರಿಯುವ ಫ್ಲ್ಯಾಶು 1/16 ಶಕ್ತಿಯಲ್ಲಿ 1/4000 ಸೆಕೆಂಡಿನ ಆಸುಪಾಸಿಗೂ, 1/128ರಲ್ಲಿ 1/20000ದ ಆಸುಪಾಸಿಗೂ ಬರುತ್ತದೆ.

ಇದರ ಅರ್ಥವನ್ನು ರೆಕ್ಕೆಯ ಮೇಲೆಯೇ ಅಳೆದು ನೋಡಬಹುದು. ರೆಕ್ಕೆಯ ತುದಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಚಲಿಸುತ್ತಿದೆ ಎಂದುಕೊಂಡರೆ, 1/300 ಸೆಕೆಂಡಿನಲ್ಲಿ ಅದು 3 ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. 1/4000 ಸೆಕೆಂಡಿನಲ್ಲಿ ಸರಿಯುವುದು ಎರಡೂವರೆ ಮಿಲಿಮೀಟರ್, 1/20000ದಲ್ಲಿ ಅರ್ಧ ಮಿಲಿಮೀಟರ್. ಕೊಕ್ಕಿನಿಂದ ಬಾಲದ ತನಕ 18 ಸೆಂಟಿಮೀಟರ್ ಇರುವ ಬಜರಿಗರ್‌ನಲ್ಲಿ 3 ಸೆಂಟಿಮೀಟರಿನ ಕಲಕು ಎಂದರೆ ರೆಕ್ಕೆಯೇ ಇಲ್ಲದ ಹಾಗೆ. ಶಟರ್ ವೇಗ ಹೆಚ್ಚಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶಿನ ಜೊತೆ ಶಟರ್ 1/200 ಅಥವಾ 1/250ಕ್ಕಿಂತ ಮೇಲೆ ಹೋಗುವುದಿಲ್ಲ; ಆ ಮಿತಿಯನ್ನು ಮೀರಲು ಬಿಡುವ ಹೈಸ್ಪೀಡ್ ಸಿಂಕ್ ಎಂಬ ಸೌಲಭ್ಯ ಹಾಕಿಕೊಂಡರೆ ಫ್ಲ್ಯಾಶು ಒಂದೇ ಮಿಂಚಿನ ಬದಲು ಸಣ್ಣ ಮಿಂಚುಗಳ ಸರಣಿಯನ್ನು ಹೊರಡಿಸುವುದರಿಂದ ಬೆಳಕು ಬಹಳ ಕುಗ್ಗುತ್ತದೆ. ಆದ್ದರಿಂದ ಚಲನೆಯನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಮಿಂಚಿಗೇ ಬಿಟ್ಟು, ಕೋಣೆಯ ಬೆಳಕು ಚಿತ್ರದಲ್ಲಿ ಮೂಡದಷ್ಟು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಕಿರಿದು ಮಾಡುವುದು ಸರಿಯಾದ ದಾರಿ. ಕೊಳ್ಳುವಾಗ ವಿವರಪಟ್ಟಿಯಲ್ಲಿ ಟಿ.5, ಟಿ.1 ಎಂಬ ಎರಡು ಬಗೆಯ ಅವಧಿಗಳು ಕಾಣಬಹುದು. ಟಿ.5 ಎಂದರೆ ಬೆಳಕು ತನ್ನ ಗರಿಷ್ಠದ ಅರ್ಧಕ್ಕಿಂತ ಹೆಚ್ಚಿರುವ ಹೊತ್ತು, ಟಿ.1 ಎಂದರೆ ಗರಿಷ್ಠದ ಹತ್ತರಲ್ಲೊಂದಕ್ಕಿಂತ ಹೆಚ್ಚಿರುವ ಹೊತ್ತು. ಮೊದಲನೆಯದು ನೋಡಲು ಚಂದದ ಸಂಖ್ಯೆ. ಗರಿಯ ಸ್ಪಷ್ಟತೆಯನ್ನು ನಿರ್ಧರಿಸುವುದು ಅದರ ಸುಮಾರು ಮೂರು ಪಟ್ಟು ಇರುವ ಎರಡನೆಯದು.

ಇಷ್ಟು ಕಡಿಮೆ ಶಕ್ತಿಯಲ್ಲಿ ಬೆಳಕು ಸಾಕಾಗುತ್ತದೆಯೇ ಎಂಬ ಅನುಮಾನ ಸಹಜ. ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ಫ್ಲ್ಯಾಶುಗಳಲ್ಲಿ ದೊಡ್ಡ ಗಾತ್ರದ್ದರ ಗೈಡ್ ನಂಬರ್ (ಮೀಟರ್ ಲೆಕ್ಕದ ದೂರದಿಂದ ಭಾಗಿಸಿದರೆ ಹಾಕಬೇಕಾದ ಅಪರ್ಚರಿನ ಎಫ್ ಸಂಖ್ಯೆ ಕೊಡುವ ಅಂಕೆ) ಪೆಟ್ಟಿಗೆಯ ಮೇಲೆ 60 ಎಂದು ಅಚ್ಚಾಗಿರುತ್ತದೆ, ಆದರೆ ಅದು ತಲೆಯನ್ನು 200 ಮಿಲಿಮೀಟರಿಗೆ ಜೂಮ್ ಮಾಡಿದಾಗಿನ ಲೆಕ್ಕ. 35 ಮಿಲಿಮೀಟರಿನಲ್ಲಿ ಅದು 36ರ ಹತ್ತಿರ ಬರುತ್ತದೆ. 1/16 ಶಕ್ತಿಗೆ ಇಳಿಸಿದಾಗ ನಾಲ್ಕರಿಂದ (16ರ ವರ್ಗಮೂಲ) ಭಾಗಿಸಿ 9 ಎಂದುಕೊಳ್ಳಿ, ಬೆಳಕನ್ನು ಮೃದುಗೊಳಿಸಲು ಫ್ಲ್ಯಾಶಿನ ಮುಂದೆ ಕಟ್ಟುವ ಸಾಫ್ಟ್‌ಬಾಕ್ಸಿನ ಬಟ್ಟೆ ನುಂಗುವುದನ್ನು ಕಳೆದು ನಾಲ್ಕೂವರೆ ಎಂದುಕೊಳ್ಳಿ. ಹಕ್ಕಿಯಿಂದ ಮುಕ್ಕಾಲು ಮೀಟರ್ ದೂರದಲ್ಲಿ ಅದು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ಕ್ಕೆ ಎಫ್/6 ಕೊಡುತ್ತದೆ, ಐಎಸ್‌ಒ 400ಕ್ಕೆ ಎಫ್/12. ಬಜರಿಗರ್‌ನ ಕೊಕ್ಕಿನಿಂದ ಭುಜದ ತನಕ ಸ್ಪಷ್ಟವಾಗಿರಲು ನನಗೆ ಬೇಕಾದದ್ದು ಎಫ್/8ರಿಂದ ಎಫ್/11. ಎರಡನೆಯ ಫ್ಲ್ಯಾಶನ್ನು ಅದರ ಪಕ್ಕದಲ್ಲೇ ಜೋಡಿಸಿದರೆ ಬೆಳಕು ಇಮ್ಮಡಿಯಾಗುತ್ತದೆ, ಅವಧಿ ಮಾತ್ರ ಉದ್ದವಾಗುವುದಿಲ್ಲ. ಒಂದೇ ದೊಡ್ಡ ಲೈಟಿನಿಂದ ಈ ಅನುಕೂಲ ಸಿಗದು.

ನಾನು ಬಳಸುವುದು ಶಕ್ತಿಯನ್ನು ಕೈಯಿಂದಲೇ ನಿಗದಿ ಮಾಡುವ ಮ್ಯಾನುಯಲ್ ಫ್ಲ್ಯಾಶುಗಳನ್ನು. ಗೊಡಾಕ್ಸ್ ಟಿಟಿ 600ರಂಥ, ರೇಡಿಯೊ ರಿಸೀವರ್ ಒಳಗೇ ಇರುವ ಮಾದರಿಗೆ, ಕ್ಯಾಮೆರಾದಿಂದ ಸಂಕೇತ ಕಳಿಸುವ ಒಂದು ಟ್ರಿಗರ್ ಸೇರಿಸಿಕೊಂಡರೆ ಸಾಕು. ಲೆನ್ಸಿನ ಮೂಲಕ ಬೆಳಕು ಅಳೆದು ಫ್ಲ್ಯಾಶಿನ ಶಕ್ತಿಯನ್ನು ತಾನೇ ನಿಗದಿ ಮಾಡುವ ಟಿಟಿಎಲ್ ಸೌಲಭ್ಯಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ಈ ಕೆಲಸದಲ್ಲಿ ಇಲ್ಲ, ಬದಲಿಗೆ ಅದರಿಂದ ತೊಂದರೆಯೇ ಇದೆ. ಬೆಳಕು ಅಳೆಯಲೆಂದು ಟಿಟಿಎಲ್ ಫ್ಲ್ಯಾಶು ಮುಖ್ಯ ಮಿಂಚಿಗೆ ಮೊದಲು ಒಂದು ಕಿರುಮಿಂಚು ಹೊಡೆಯುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ ಆಗಿ ಕಂಡರೂ ಹಕ್ಕಿಗೆ ಅಷ್ಟು ಸಮಯ ಸಾಕು: ಕೊಕ್ಕಿನ ಕಡೆಯ ಮೂಲೆಯಿಂದ ಅಡ್ಡಲಾಗಿ ಸರಿಯುವ ಅದರ ಮೂರನೆಯ ರೆಪ್ಪೆ ಅಷ್ಟರೊಳಗೆ ಕಣ್ಣಿನ ಮೇಲೆ ಬಂದಿರುತ್ತದೆ. ಒಮ್ಮೆ ಕಾರವಾರದಲ್ಲಿ ತೆಗೆದ ಫಿಂಚ್ ಜೋಡಿಯ ಚಿತ್ರಗಳಲ್ಲಿ ಒಂದರ ಕಣ್ಣಿಗೆ ಹಾಲು ಸವರಿದಂತೆ ಕಂಡು, ಮನೆಯವರು ಅದಕ್ಕೆ ಪೊರೆ ಬಂದಿದೆಯೇ ಎಂದು ಗಾಬರಿಯಾಗಿದ್ದರು. ಮ್ಯಾನುಯಲ್‌ಗೆ ಬದಲಿಸಿ ತೆಗೆದ ಮುಂದಿನ ಫ್ರೇಮುಗಳಲ್ಲಿ ಅದೇ ಕಣ್ಣು ಕರಿಮಣಿಯಂತೆ ಹೊಳೆಯುತ್ತಿತ್ತು.

ಚಾವಣಿಗೆ ಬೆಳಕು ಹೊಡೆದು ಚದುರಿಸುವ ಉಪಾಯ ಕಾರವಾರದ ಆರ್‌ಸಿಸಿ ಮನೆಗಳ ಬಿಳಿ ಚಾವಣಿಯ ಕೆಳಗೆ ಚೆನ್ನಾಗಿ ನಡೆಯುತ್ತದೆ. ಶಿರಸಿ, ಸಿದ್ದಾಪುರದ ಹಂಚಿನ ಮಾಡಿನ ಮನೆಗಳಲ್ಲಿ ಮಾತ್ರ ಬೆಳಕು ಪಕಾಸಿಗಳ ನಡುವೆ ಕಳೆದುಹೋಗುತ್ತದೆ, ಹಿಂದಿರುಗಿದಷ್ಟೂ ಹಂಚಿನ ಕೆಂಪನ್ನು ಹೊತ್ತು ತರುತ್ತದೆ. ಬಿಳಿ ಕಾಕಟೀಲ್ ಅಲ್ಲಿ ಕಾವಿ ಬಳಿದಂತೆ ಕಾಣುತ್ತದೆ. ಅಂಥ ಮನೆಗಳಿಗೆ 60 ಸೆಂಟಿಮೀಟರಿನ ಸಾಫ್ಟ್‌ಬಾಕ್ಸ್ ಒಂದು, ಎದುರು ಬದಿಗೆ ಬಿಳಿ ಥರ್ಮೊಕೋಲ್ ಹಲಗೆ ಒಂದು ಇದ್ದರೆ ಸಾಕು. ಅದಕ್ಕಿಂತ ದೊಡ್ಡದನ್ನು ನಾನು ಒಯ್ಯುವುದಿಲ್ಲ. ಮೊದಮೊದಲು ಹಕ್ಕಿಯ ನೆತ್ತಿಯ ಮೇಲೆ ದೊಡ್ಡ ಬಿಳಿ ಛತ್ರಿಯನ್ನು ಚಾಚುತ್ತಿದ್ದೆ. ಅದು ಬಿಚ್ಚಿಕೊಂಡ ಕೂಡಲೇ ಬಜರಿಗರ್‌ಗಳು ಪಂಜರದ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದವು. “ಸರ್, ಮೇಲಿಂದ ಏನು ಬಂದ್ರೂ ಅವಕ್ಕೆ ಗಿಡುಗನೇ,” ಎಂದರು ಆ ಮನೆಯ ಅಜ್ಜಿ. ಅಂದಿನಿಂದ ಬೆಳಕನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ, ಪಕ್ಕದಿಂದಲೇ ತರುತ್ತೇನೆ, ಮತ್ತು ಹಿಂದಿನ ದಿನವೇ ಸ್ಟ್ಯಾಂಡು, ಸಾಫ್ಟ್‌ಬಾಕ್ಸುಗಳನ್ನು ಪಂಜರವಿರುವ ಕೋಣೆಯಲ್ಲಿ ಇರಿಸಿ ಬರುತ್ತೇನೆ. ಫ್ಲ್ಯಾಶಿನ ಬೀಪ್ ಸದ್ದು, ಫೋಕಸಿಗೆಂದು ಹೊಮ್ಮುವ ಕೆಂಪು ಕಿರಣ ಎರಡನ್ನೂ ಮೆನುವಿನಲ್ಲಿ ಆರಿಸಿಟ್ಟಿರಬೇಕು.

ಕೋಣೆಯನ್ನು ಕತ್ತಲು ಮಾಡಿ ಫ್ಲ್ಯಾಶ್ ಹೊಡೆಯುವುದು ಎಂದಿಗೂ ಕೂಡದು. ಕಾಕಟೀಲ್‌ಗಳು ರಾತ್ರಿಯ ಕತ್ತಲಲ್ಲಿ ಹಠಾತ್ತನೆ ಬೆಚ್ಚಿ ಪಂಜರದ ಸರಳಿಗೆ ಬಡಿದುಕೊಂಡು ಗಾಯ ಮಾಡಿಕೊಳ್ಳುವುದಕ್ಕೆ ಹೆಸರಾದವು. ಕೋಣೆಯ ದೀಪ ಉರಿಯುತ್ತಿರಲಿ, ಚಿತ್ರೀಕರಣ ಹಗಲಿನಲ್ಲೇ ಇರಲಿ. ಗರಿಗಳನ್ನು ಮೈಗೆ ಒತ್ತಿಕೊಂಡು ತೆಳ್ಳಗಾಗುವುದು, ಕೊಕ್ಕು ತೆರೆದು ಏದುಸಿರು ಬಿಡುವುದು ಕಂಡರೆ ಅಂದಿನ ಕೆಲಸ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಮೊಟ್ಟೆಯ ಮೇಲೆ ಕೂತ ಹಕ್ಕಿಯ ಹತ್ತಿರ ಫ್ಲ್ಯಾಶ್ ಒಯ್ಯಲೇಬಾರದು. ಫ್ಲ್ಯಾಶಿನ ಬದಲು ಸದಾ ಉರಿಯುವ ಎಲ್‌ಇಡಿ ದೀಪ ಹಿತವಲ್ಲವೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ರೆಕ್ಕೆಯನ್ನು ನಿಲ್ಲಿಸುವಷ್ಟು ಪ್ರಖರವಾದ ದೀಪ ಹಕ್ಕಿಯ ಕಣ್ಣಿಗೆ ಇಡೀ ಹೊತ್ತು ರಾಚುತ್ತಿರುತ್ತದೆ. ಜೊತೆಗೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಮತ್ತು ಮಿಣುಕನ್ನು ಗುರುತಿಸುವುದರಲ್ಲಿ ಹಕ್ಕಿಯ ಕಣ್ಣು ನಮ್ಮದಕ್ಕಿಂತ ಬಹಳ ಚುರುಕು.

ಪಂಜರದೊಳಗಿನ ಹಕ್ಕಿಯ ಚಿತ್ರಕ್ಕೆ ಫ್ಲ್ಯಾಶು ಕ್ಯಾಮೆರಾದ ಮೇಲಿದ್ದರೆ ಮೊದಲು ಬೆಳಗುವುದು ಸರಳುಗಳೇ. ಲೆನ್ಸನ್ನು ಸರಳಿಗೆ ಆದಷ್ಟು ಹತ್ತಿರ ತಂದು, ಬೆಳಕನ್ನು ಪಕ್ಕದ ಬದಿಯಿಂದ ಬಿಟ್ಟು, ಮುಂಬದಿಯ ಸರಳುಗಳ ಮೇಲೆ ಬೆಳಕು ಬೀಳದಂತೆ ಕಪ್ಪು ಬಟ್ಟೆ ಮರೆ ಮಾಡಿದರೆ ಅವು ಕಾಣದಷ್ಟು ಮಸುಕಾಗುತ್ತವೆ.

ಅಟ್ಟದಲ್ಲಿ ಸಿಕ್ಕಿದ ಫಿಲಂ ಕಾಲದ ಫ್ಲ್ಯಾಶನ್ನು ಹೊಸ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ಅವುಗಳಲ್ಲಿ ಕೆಲವಕ್ಕೆ 200 ವೋಲ್ಟಿಗೂ ಮೀರಿದ ಟ್ರಿಗರ್ ವೋಲ್ಟೇಜ್ ಇದ್ದು ಕ್ಯಾಮೆರಾದ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಬ್ಯಾಟರಿಗೆ ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಎರಡು ಜೊತೆ ಇರಲಿ. 1/16 ಶಕ್ತಿಯಲ್ಲಿ ಅವು ನೂರಾರು ಮಿಂಚು ಕೊಡುತ್ತವೆ, ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಫ್ಲ್ಯಾಶಿನ ಬುಡದ ಲೋಹದ ಬಿಂದುಗಳು, ಸೆಲ್ ಕೂರುವ ಸ್ಪ್ರಿಂಗುಗಳು ಹಸಿರುಗಟ್ಟುತ್ತವೆ. ಬಳಸದಿರುವಾಗ ಸೆಲ್ ತೆಗೆದು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಹಾಗೆ ಇಟ್ಟದ್ದನ್ನು ತಿಂಗಳಿಗೊಮ್ಮೆಯಾದರೂ ಹೊರಗೆ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಕೆಪಾಸಿಟರ್ ಕೆಡದಂತೆ ಪೂರ್ಣ ಶಕ್ತಿಯಲ್ಲಿ ಕೆಲವು ಸಲ ಮಿಂಚಿಸಬೇಕು. ಆ ಕೆಲಸವನ್ನು ನಾನು ಹಕ್ಕಿಗಳಿಲ್ಲದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಾಡುತ್ತೇನೆ.