ಜೈಲು, ಪೊಲೀಸ್ ರಾಜ್ಯದ ವಿಷಯ: ಸಂಸತ್ತಿನ ಸಮಿತಿಗೆ ಅಲ್ಲೇನು ಕೆಲಸ?

ಓದುಗರ ಪ್ರಶ್ನೆ: ಜೈಲುಗಳ ಬಗ್ಗೆ, ಪೊಲೀಸರ ಬಗ್ಗೆ ಸಂಸದೀಯ ಸ್ಥಾಯಿ ಸಮಿತಿ ವರದಿ ಕೊಟ್ಟಿತು ಎಂದು ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ. ಸಂವಿಧಾನದ ಪ್ರಕಾರ ಇವೆರಡೂ ರಾಜ್ಯಗಳಿಗೆ ಸೇರಿದವು. ಸಮಿತಿ ಹೇಳಿದ್ದನ್ನು ಸರ್ಕಾರ ಕೇಳಲೇಬೇಕು ಅಂತಲೂ ಇಲ್ಲವಂತೆ. ಹಾಗಾದರೆ ಇದೆಲ್ಲ ಕಾಲಹರಣವೇ?

ಉತ್ತರ: ನಿಮ್ಮ ಮಾತು ಅರ್ಧ ಸರಿ. ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಎರಡನೆಯದು ಪೊಲೀಸ್, ನಾಲ್ಕನೆಯದು ಕಾರಾಗೃಹ. ಪರಪ್ಪನ ಅಗ್ರಹಾರದ ಜೈಲಿನೊಳಗೆ ಏನಾಗುತ್ತಿದೆ ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ವಿಧಾನಸೌಧ, ಸಂಸತ್ತಲ್ಲ. ಇಲಾಖೆಗಳ ಕೆಲಸ ಪರಿಶೀಲಿಸುವ ಸಂಸದರ ತಂಡವೇ ಸ್ಥಾಯಿ ಸಮಿತಿ; ಅದರ ಶಿಫಾರಸಿಗೆ ಆದೇಶದ ಬಲವಿಲ್ಲ ಎಂಬುದೂ ನಿಜ. ಸಂಸತ್ತಿನ ನಿಯಮಾವಳಿಯೇ ಅದನ್ನು ಚೆನ್ನಾಗಿ ಯೋಚಿಸಿ ಕೊಟ್ಟ ಸಲಹೆ ಎಂದು ಕರೆಯುತ್ತದೆ.

ಆದರೆ ಸಮಿತಿ ಜೈಲರ್‌ನನ್ನು ವಿಚಾರಿಸಲು ಹೊರಟಿರುವುದಲ್ಲ. ಅದು ವಿಚಾರಿಸುವುದು ಕೇಂದ್ರ ಗೃಹ ಸಚಿವಾಲಯವನ್ನು. ದೆಹಲಿ ಪೊಲೀಸ್ ನೇರವಾಗಿ ಆ ಸಚಿವಾಲಯದ ಕೈಯಲ್ಲಿದೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳು, ಐಪಿಎಸ್ ಸೇವೆ, ಅಪರಾಧ ಅಂಕಿಅಂಶ ಬಿಡುಗಡೆ ಮಾಡುವ ಎನ್‌ಸಿಆರ್‌ಬಿ ಎಲ್ಲವೂ ಅಲ್ಲಿನವೇ. ಇದಕ್ಕಿಂತ ಮುಖ್ಯವಾದದ್ದು ಹಣ. ಪೊಲೀಸ್ ಆಧುನೀಕರಣದ ಒಟ್ಟಾರೆ ಯೋಜನೆಗೆ 2021-22ರಿಂದ 2025-26ರವರೆಗೆ ಕೇಂದ್ರ ಮಂಜೂರು ಮಾಡಿದ್ದು 26,275 ಕೋಟಿ ರೂಪಾಯಿ. ಜಾಮೀನಿನ ಹಣ ಕಟ್ಟಲಾಗದೆ ಒಳಗೇ ಉಳಿದ ಬಡ ಕೈದಿಗಳಿಗಾಗಿ 2023ರಲ್ಲಿ ಬಂದ ಯೋಜನೆಯ ದುಡ್ಡೂ ದೆಹಲಿಯದೇ: 2023ರ ನಿಯಮದಂತೆ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತ ಕೈದಿಗೆ 25,000ದವರೆಗೆ ಇತ್ತು. ಕೊಟ್ಟ ಹಣ ಎಲ್ಲಿ ಹೋಯಿತು, ಖರ್ಚಾಗದೆ ಯಾಕೆ ಉಳಿಯಿತು ಎಂದು ಕೇಳುವ ಹಕ್ಕು ಸಂಸತ್ತಿಗಿದೆ. ಪ್ರತಿ ವರ್ಷ ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಬಿಡುವು ಕೊಟ್ಟು ಸ್ಥಾಯಿ ಸಮಿತಿಗಳು ಅನುದಾನ ಬೇಡಿಕೆಗಳನ್ನು ಪರಿಶೀಲಿಸುವುದು ಇದಕ್ಕೇ.

ಈಗಿನ ರೂಪದ ಇಲಾಖಾವಾರು ಸ್ಥಾಯಿ ಸಮಿತಿಗಳು ಶುರುವಾದದ್ದು 1993ರಲ್ಲಿ. ಆಗ 17 ಇದ್ದವು, 2004ರಿಂದ 24. ಒಂದೊಂದರಲ್ಲಿ 31 ಮಂದಿ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರಾದವರು ಸದಸ್ಯರಾಗುವಂತಿಲ್ಲ. ಸಭೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ, ಕ್ಯಾಮೆರಾ ಇರುವುದಿಲ್ಲ. ಎದುರು ಕೂರುವವರು ಇಲಾಖೆಯ ಕಾರ್ಯದರ್ಶಿಗಳು. ಟಿವಿಯಲ್ಲಿ ಕಿರುಚಾಡುವ ಪಕ್ಷಗಳೇ ಇಲ್ಲಿ ತಾಳ್ಮೆಯಿಂದ ಒಂದು ಕರಡು ವರದಿಗೆ ಒಪ್ಪಿಕೊಳ್ಳುತ್ತವೆ ಎಂದರೆ ನಂಬುವುದು ಕಷ್ಟ, ಆದರೆ ಹಾಗೆ ನಡೆಯುತ್ತದೆ. ನನಗಂತೂ ಕ್ಯಾಮೆರಾ ಇಲ್ಲದ್ದೇ ಅದಕ್ಕೆ ಕಾರಣ ಅನ್ನಿಸುತ್ತದೆ.

ಜೈಲಿನ ವಿಷಯಕ್ಕೆ ಬರೋಣ. ಎನ್‌ಸಿಆರ್‌ಬಿ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಜಾಗ ಇದ್ದದ್ದು 4,36,266 ಜನರಿಗೆ. ಒಳಗಿದ್ದ ನಾಲ್ವರಲ್ಲಿ ಮೂವರು ಇನ್ನೂ ಶಿಕ್ಷೆಯೇ ಆಗದ ವಿಚಾರಣಾಧೀನರು. ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಜೈಲು ಸುಧಾರಣೆ ಕುರಿತು ತನ್ನ 245ನೇ ವರದಿ ಮಂಡಿಸಿತು. ಅಧ್ಯಕ್ಷರಾಗಿದ್ದವರು ಉತ್ತರ ಪ್ರದೇಶದ ಮಾಜಿ ಡಿಜಿಪಿ ಬ್ರಿಜ್ ಲಾಲ್. ಕಿಕ್ಕಿರಿದ ಜೈಲಿನವರನ್ನು ಜಾಗವಿರುವ ಜೈಲಿಗೆ ಸಾಗಿಸಿ, ಜಾಮೀನಿನ ಮೇಲೆ ಬಿಡುಗಡೆಯಾದವರ ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟಿ ನಿಗಾ ಇಡಬಹುದೇ ನೋಡಿ ಎಂಬಂಥ ಸಲಹೆಗಳು ಅದರಲ್ಲಿವೆ. ಕಾಲುಪಟ್ಟಿಯ ಮಾತು ನನಗೆ ಸರಿಬರುವುದಿಲ್ಲ. ಅಪರಾಧ ಸಾಬೀತಾಗದ ಮನುಷ್ಯನ ಮನೆಗೂ ಜೈಲನ್ನು ಕಳಿಸಿಕೊಟ್ಟ ಹಾಗೆ. ಇರಲಿ, ಸಮಿತಿ ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ ಎಂಬ ಸ್ವಾತಂತ್ರ್ಯ ನಮಗೂ ಇದೆಯಲ್ಲ.

ಇಂಥ ಶಿಫಾರಸುಗಳಿಗೆ ಸಚಿವಾಲಯದಿಂದ ಬರುವ ಮಾಮೂಲಿ ಉತ್ತರ ಯಾವುದು ಗೊತ್ತೇ? ನಿಮ್ಮ ಪ್ರಶ್ನೆಯ ಮಾತೇ: ಇದು ರಾಜ್ಯದ ವಿಷಯ, ರಾಜ್ಯಗಳಿಗೆ ಸಲಹಾಪತ್ರ ಕಳಿಸಿದ್ದೇವೆ. ದುಡ್ಡು ಹಂಚುವಾಗ, ಮಾದರಿ ಕಾನೂನು ಬರೆದು ಕಳಿಸುವಾಗ ಅಡ್ಡಬಾರದ ರಾಜ್ಯ ಪಟ್ಟಿ ಉತ್ತರ ಕೊಡುವಾಗ ಮಾತ್ರ ನೆನಪಾಗುತ್ತದೆ.

ಹಾಗಂತ ಸಲಹೆ ಯಾವಾಗಲೂ ಗಾಳಿಗೆ ಹೋಗುವುದಿಲ್ಲ. ಇದೇ ಸಮಿತಿ 2023ರಲ್ಲಿ ಹೊಸ ಕ್ರಿಮಿನಲ್ ಕಾನೂನುಗಳ ಮೂರು ಮಸೂದೆಗಳನ್ನು ಪರಿಶೀಲಿಸಿತು. ಯಾರಿಗೆ ಪೊಲೀಸರು ಕೋಳ ಹಾಕಬಹುದು ಎಂಬ ಪಟ್ಟಿಯಲ್ಲಿ ಆರ್ಥಿಕ ಅಪರಾಧವೂ ಸೇರಿತ್ತು. ಅದನ್ನು ಕೈಬಿಡಿ ಎಂದಿತು ಸಮಿತಿ. ಸರ್ಕಾರ ಮೂರೂ ಮಸೂದೆಗಳನ್ನು ವಾಪಸ್ ಪಡೆದು ಡಿಸೆಂಬರಿನಲ್ಲಿ ಹೊಸದಾಗಿ ತಂದಾಗ ಆ ಪದ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವುದು ಹೀಗೆ ತಿದ್ದಿದ ಪಠ್ಯ. ವ್ಯಭಿಚಾರವನ್ನು ಗಂಡು ಹೆಣ್ಣೆನ್ನದೆ ಮತ್ತೆ ಅಪರಾಧವಾಗಿಸಿ ಎಂದು ಅದೇ ಸಮಿತಿ ಕೊಟ್ಟ ಸಲಹೆಯನ್ನು ಸರ್ಕಾರ ಒಪ್ಪಲಿಲ್ಲ. ಅದು ಒಳ್ಳೆಯದೇ ಆಯಿತು.

ಪರಿಸರದ ಕತೆ ಬೇರೆ. 1976ರ 42ನೇ ತಿದ್ದುಪಡಿಯಿಂದ ಅರಣ್ಯ, ವನ್ಯಜೀವಿ ಎರಡೂ ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಬಂದವು. ಅಂದರೆ ಇಲ್ಲಿ ರಾಜ್ಯದ ವಿಷಯ ಎಂಬ ನೆಪ ನಡೆಯದು, ಸಮಿತಿಯ ಪ್ರಶ್ನೆ ನೇರವಾಗಿ ನಾಟಬೇಕು. ಆಗಲೇ ಸರ್ಕಾರಕ್ಕೆ ಬೇರೆ ದಾರಿ ಕಾಣುವುದು. 2021ರ ವನ್ಯಜೀವಿ ಮಸೂದೆ ಪರಿಸರ ಸ್ಥಾಯಿ ಸಮಿತಿಗೇ ಹೋಗಿತ್ತು. ಆಗಿನ ಅಧ್ಯಕ್ಷರು ಜೈರಾಮ್ ರಮೇಶ್, ಚಿಕ್ಕಮಗಳೂರಿನಲ್ಲಿ ಹುಟ್ಟಿ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು, ಹಿಂದೆ ಪರಿಸರ ಸಚಿವರಾಗಿದ್ದವರು. 2023ರ ಮಾರ್ಚ್‌ನಲ್ಲಿ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ ಬಂದಾಗ ಮಾತ್ರ ಅದನ್ನು ಅವರ ಸಮಿತಿಗೆ ಕೊಡದೆ ಪ್ರತ್ಯೇಕ ಜಂಟಿ ಸಮಿತಿ ರಚಿಸಿ ಅಲ್ಲಿಗೆ ಕಳಿಸಲಾಯಿತು. ರಮೇಶ್ ಪ್ರತಿಭಟಿಸಿ ಪತ್ರ ಬರೆದರು. ಜಂಟಿ ಸಮಿತಿ ಜುಲೈ 20ರಂದು, ಮಸೂದೆಯಲ್ಲಿ ಏನೂ ಬದಲಿಸದೆ, ವರದಿ ಕೊಟ್ಟಿತು. ವಿರೋಧ ಪಕ್ಷದವರ ಭಿನ್ನಮತದ ಟಿಪ್ಪಣಿಗಳು ಅದರ ಜೊತೆಗಿದ್ದವು. ಆರು ದಿನಕ್ಕೆ ಲೋಕಸಭೆಯ ಅಂಗೀಕಾರ. ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಆಗದಿದ್ದರೂ ಕಾಡೆಂದು ಪರಿಗಣಿಸಿದ ಜಾಗ) ಗಲಾಟೆ ಕಂಡ ಮಲೆನಾಡಿನವರಿಗೆ, ಯಾವುದು ಕಾಡು ಎಂಬ ವ್ಯಾಖ್ಯೆಗೆ ಕೈಹಾಕಿದ ಈ ಕಾಯ್ದೆ ಎಷ್ಟು ಹತ್ತಿರದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಸಮಿತಿಯ ಸಲಹೆಯನ್ನು ತಳ್ಳಿಹಾಕುವುದಕ್ಕಿಂತ, ಸಲಹೆಯನ್ನೇ ಕೇಳದಿರುವುದು ಸುಲಭ. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕ ಹೇಳುವುದೂ ಅದನ್ನೇ: 15ನೇ ಲೋಕಸಭೆಯ (2009-14) ಕಾಲದಲ್ಲಿ ಸಮಿತಿಗಳಿಗೆ ಹೋದ ಮಸೂದೆಗಳು ಶೇ 71, 17ನೇ ಲೋಕಸಭೆಯಲ್ಲಿ (2019-24) ಶೇ 16.

ತಪ್ಪು ಸರ್ಕಾರದ್ದಷ್ಟೇ ಅಲ್ಲ. 2019ರ ನವೆಂಬರಿನಲ್ಲಿ ದೆಹಲಿ ಹೊಗೆಯಲ್ಲಿ ಮುಳುಗಿದ್ದಾಗ ವಾಯುಮಾಲಿನ್ಯದ ಬಗ್ಗೆ ನಗರಾಭಿವೃದ್ಧಿ ಸ್ಥಾಯಿ ಸಮಿತಿ ಸಭೆ ಕರೆದಿತ್ತು. ಬಂದ ಸಂಸದರು ನಾಲ್ಕೇ ಜನ. ಸಭೆ ಮುಂದಕ್ಕೆ ಹೋಯಿತು.

ಇನ್ನು ವರದಿ ಸಿಕ್ಕರೆ ಏನು ಓದಬೇಕು? ನನ್ನ ಕೇಳಿದರೆ, ಮೂಲ ವರದಿಗಿಂತ ಅದರ ನಂತರ ಬರುವ ಕ್ರಮ ಕೈಗೊಂಡ ವರದಿಯನ್ನು ಓದಿ. ಸರ್ಕಾರ ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಆ ಉತ್ತರಗಳನ್ನು ಸಮಿತಿ ನಾಲ್ಕಾಗಿ ವಿಂಗಡಿಸುತ್ತದೆ: ಸರ್ಕಾರ ಒಪ್ಪಿದ್ದು, ಉತ್ತರ ನೋಡಿ ಸಮಿತಿಯೇ ಕೈಬಿಟ್ಟದ್ದು, ಉತ್ತರವನ್ನು ಸಮಿತಿ ಒಪ್ಪದೇ ಇದ್ದದ್ದು, ಅಂತಿಮ ಉತ್ತರ ಇನ್ನೂ ಬರಬೇಕಾದದ್ದು. ಜಗಳ ಎಲ್ಲಿದೆ ಎಂಬುದು ಮೂರನೆಯದರಲ್ಲಿ, ಯಾವುದನ್ನು ಮೂಲೆಗೆ ತಳ್ಳಿದ್ದಾರೆ ಎಂಬುದು ನಾಲ್ಕನೆಯದರಲ್ಲಿ ಸಿಗುತ್ತದೆ. ಎಲ್ಲವೂ ಸಂಸತ್ತಿನ ಜಾಲತಾಣದಲ್ಲಿವೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ.

ಮಸೂದೆ ಸಮಿತಿಗೆ ಹೋದಾಗ ಸಾರ್ವಜನಿಕರ ಅಭಿಪ್ರಾಯ ಕೇಳಿ ಪತ್ರಿಕೆಗಳಲ್ಲಿ ಜಾಹೀರಾತು ಬರುವುದುಂಟು. ಸಾಮಾನ್ಯವಾಗಿ 15 ದಿನದ ಗಡುವು. ಮನವಿಪತ್ರವನ್ನು ಅಂಚೆಯಲ್ಲಿ ಅಥವಾ ಇಮೇಲ್‌ನಲ್ಲಿ ಕಳಿಸಬಹುದು. ಸಮಿತಿಯ ಮುಂದೆ ಖುದ್ದು ಮಾತಾಡುವ ಇಚ್ಛೆಯಿದ್ದರೆ ಪತ್ರದಲ್ಲೇ ಅದನ್ನು ತಿಳಿಸಬೇಕು. ಕರೆಯುವುದು ಬಿಡುವುದು ಸಮಿತಿಗೆ ಬಿಟ್ಟದ್ದು.