ಹನೋಯ್‌ನಿಂದ ಸೈಗಾನ್‌ವರೆಗೆ: ಯಾವುದರಲ್ಲಿ ಹೋಗೋದು, ಕೈಯಲ್ಲಿ ಎಷ್ಟು ಕ್ಯಾಶ್ ಇರಬೇಕು?

ಪ್ರಶ್ನೆ: ಅಪ್ಪ-ಅಮ್ಮನನ್ನೂ ಕರೆದುಕೊಂಡು ನಾವು ನಾಲ್ಕು ಜನ ವಿಯೆಟ್ನಾಂಗೆ ಹೋಗುತ್ತಿದ್ದೇವೆ. ಹನೋಯ್‌ನಲ್ಲಿ ಇಳಿದು, ಹ್ಯೂ, ಡಾ ನಾಂಗ್, ಹೋಯ್ ಆನ್ ನೋಡಿಕೊಂಡು ಹೋ ಚಿ ಮಿನ್ ಸಿಟಿಯಿಂದ ವಾಪಸ್. ಒಟ್ಟು ಹತ್ತು ದಿನ. ಊರಿಂದ ಊರಿಗೆ ವಿಮಾನ ಒಳ್ಳೆಯದೋ, ರೈಲೋ, ಬಸ್ಸೋ? ಕ್ಯಾಶ್ ಎಷ್ಟು ಒಯ್ಯಬೇಕು? ಅಲ್ಲಿ ಯುಪಿಐ ನಡೆಯುತ್ತಾ?

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಫೋನ್‌ಪೇ, ಗೂಗಲ್ ಪೇ ನಂಬಿಕೊಂಡು ವಿಯೆಟ್ನಾಂಗೆ ಹೊರಡಬೇಡಿ. ಅಲ್ಲಿ ಕಾಫಿ ಅಂಗಡಿಯಿಂದ ಹಣ್ಣಿನ ಗಾಡಿಯವರೆಗೆ ಎಲ್ಲ ಕಡೆ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅದನ್ನು ನೋಡಿ ನಮ್ಮವರಿಗೆ ಧೈರ್ಯ ಬಂದುಬಿಡುತ್ತದೆ. ಆದರೆ ಆ ಕೋಡ್ ಇರುವುದು ಮುಖ್ಯವಾಗಿ ಅಲ್ಲಿಯ ಬ್ಯಾಂಕಿನಲ್ಲಿ ಖಾತೆ ಇರುವವರಿಗೆ. ನಿಮಗೆ ಬೇಕಾಗುವುದು ನೋಟು ಮತ್ತು ಕಾರ್ಡು.

ಇನ್ನು ಪ್ರಯಾಣ. ವಿಮಾನವೋ ರೈಲೋ ಎಂದು ಇಡೀ ಪ್ರವಾಸಕ್ಕೆ ಒಂದೇ ಉತ್ತರ ಹುಡುಕುವುದರಲ್ಲೇ ತೊಂದರೆ ಶುರುವಾಗುತ್ತದೆ. ವಿಯೆಟ್ನಾಂ ಉದ್ದಕ್ಕೆ ಚಾಚಿಕೊಂಡ ದೇಶ. ಹನೋಯ್‌ನಿಂದ ಸೈಗಾನ್‌ಗೆ (ಹೋ ಚಿ ಮಿನ್ ಸಿಟಿಯ ಹಳೇ ಹೆಸರು) ರೈಲು ದಾರಿಯೇ 1,726 ಕಿ.ಮೀ. ಅದೂ ಮೀಟರ್ ಗೇಜ್, ಒಂಟಿ ಹಳಿ, ಡೀಸೆಲ್ ಎಂಜಿನ್. ಪೂರ್ತಿ ಹೋಗಲು ಮೂವತ್ತು ಗಂಟೆಗಿಂತ ಜಾಸ್ತಿ ಬೇಕು. ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಈ ಎರಡು ಸಂಖ್ಯೆ ನೋಡಿದವರು ಎಲ್ಲಾ ಕಡೆಗೂ ವಿಮಾನ ಬುಕ್ ಮಾಡಿಬಿಡುತ್ತಾರೆ. ನಡುವೆ ಇರುವ ಒಳ್ಳೆಯ ದಾರಿಯೊಂದು ಹಾಗೆ ಕೈ ತಪ್ಪಿಹೋಗುತ್ತದೆ. ಒಂದೊಂದು ಹಂತವನ್ನೂ ಬೇರೆ ಬೇರೆ ಲೆಕ್ಕ ಹಾಕಿ. ಲೆಕ್ಕ ಹಾಕುವಾಗ ಹೋಟೆಲ್ ಬಾಗಿಲಿನಿಂದ ಹೋಟೆಲ್ ಬಾಗಿಲಿನವರೆಗೆ ಹಿಡಿಯಿರಿ.

ಹನೋಯ್‌ನಿಂದ ಹ್ಯೂಗೆ ವಿಮಾನ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಆದರೆ ನೋಯ್ ಬಾಯ್ ವಿಮಾನ ನಿಲ್ದಾಣ ಹನೋಯ್ ನಗರದಿಂದ ಸುಮಾರು 30 ಕಿ.ಮೀ. ದೂರ. ಅಲ್ಲಿಗೆ ಹೋಗುವುದು, ಎರಡು ಗಂಟೆ ಮುಂಚೆ ಇರುವುದು, ಇಳಿದ ಮೇಲೆ ಬ್ಯಾಗಿಗೆ ಕಾಯುವುದು ಎಲ್ಲ ಸೇರಿದರೆ ಐದು ಗಂಟೆ ಆಗುತ್ತದೆ. ರಾತ್ರಿ ರೈಲಿಗೆ 13-14 ಗಂಟೆ. ಆದರೆ ಅದರಲ್ಲಿ ಬಹುಪಾಲು ನಿದ್ದೆಯಲ್ಲೇ ಕಳೆಯುತ್ತದೆ, ಒಂದು ರಾತ್ರಿಯ ರೂಮ್ ಬಾಡಿಗೆಯೂ ಉಳಿಯುತ್ತದೆ. ನೀವು ನಾಲ್ಕು ಜನ ಇರುವುದು ಇಲ್ಲಿ ಅನುಕೂಲ. ಸಾಫ್ಟ್ ಸ್ಲೀಪರ್ ಅಂದರೆ ನಾಲ್ಕು ಬರ್ತಿನ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ. ಇಡೀ ಕೋಣೆ ನಿಮ್ಮದೇ ಆಗುತ್ತದೆ. ಹಾರ್ಡ್ ಸ್ಲೀಪರ್‌ನಲ್ಲಿ ಆರು ಬರ್ತು, ಮೇಲಿನದಕ್ಕೆ ಹತ್ತುವುದು ಹಿರಿಯರಿಗೆ ಆಗದ ಮಾತು. ಕೆಳಗಿನ ಬರ್ತಿಗೆ ಸ್ವಲ್ಪ ಹೆಚ್ಚು ದುಡ್ಡು. ಅಪ್ಪ-ಅಮ್ಮನಿಗೆ ಅದನ್ನೇ ತೆಗೆದುಕೊಳ್ಳಿ. ಒಂದು ತೆಳು ಹೊದಿಕೆ ಮನೆಯಿಂದಲೇ ಇಟ್ಟುಕೊಳ್ಳಿ. ಅಪ್ಪನಿಗೆ ಬೆನ್ನುನೋವು, ಅಮ್ಮನಿಗೆ ರಾತ್ರಿ ನಾಲ್ಕು ಸಲ ಏಳಬೇಕು ಅನ್ನುವ ಹಾಗಿದ್ದರೆ ಮಾತ್ರ ಯೋಚನೆ ಮಾಡದೆ ವಿಮಾನ ಹತ್ತಿ.

ಟಿಕೆಟ್ಟನ್ನು ವಿಯೆಟ್ನಾಂ ರೈಲ್ವೆಯ ವೆಬ್‌ಸೈಟಿನಲ್ಲೇ ಕೊಳ್ಳಬಹುದು. ನಮ್ಮ ಕಾರ್ಡ್ ಅಲ್ಲಿ ಹಿಡಿಯದಿದ್ದರೆ ಸ್ವಲ್ಪ ಕಮಿಷನ್ ಕೊಟ್ಟು ಬುಕಿಂಗ್ ಸೈಟುಗಳಲ್ಲಿ ತೆಗೆಯಬಹುದು. ಹೆಸರು, ಪಾಸ್‌ಪೋರ್ಟ್ ನಂಬರ್ ಸರಿಯಾಗಿ ಹಾಕಿ. ಹೋ ಚಿ ಮಿನ್ ಸಿಟಿ ಎಂದು ಹುಡುಕಿ ಸಿಗದಿದ್ದರೆ ಗಾಬರಿ ಬೇಡ, ನಿಲ್ದಾಣದ ಹೆಸರು ಈಗಲೂ ಸೈಗಾನ್. ಹನೋಯ್ ನಿಲ್ದಾಣಕ್ಕೆ ಎರಡು ಬೇರೆ ರಸ್ತೆಗಳಲ್ಲಿ ಬಾಗಿಲಿದೆ. ಬೇಗ ಹೋಗಿ, ಟಿಕೆಟ್ ತೋರಿಸಿ, ನಿಮ್ಮದು ಯಾವ ಬಾಗಿಲು ಅಂತ ಕೇಳಿಕೊಳ್ಳಿ.

ಈಗ ಹ್ಯೂನಿಂದ ಡಾ ನಾಂಗ್. ಇದು ಬರೀ 100 ಕಿ.ಮೀ., ರೈಲಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಕಾರಿನಲ್ಲಿ ಇನ್ನೂ ಬೇಗ. ಆದರೂ ದಯವಿಟ್ಟು ರೈಲಿನಲ್ಲೇ ಹೋಗಿ, ಅದೂ ಹಗಲಲ್ಲಿ. ಎರಡೂ ಊರಿನ ನಡುವೆ ಹಾಯ್ ವಾನ್ ಬೆಟ್ಟ ಸಮುದ್ರದವರೆಗೆ ಇಳಿದು ಬಂದು ನಿಂತಿದೆ. 2005ರಲ್ಲಿ ಆರು ಕಿಲೋಮೀಟರಿಗೂ ಉದ್ದದ ಸುರಂಗ ತೆರೆದ ಮೇಲೆ ಬಸ್ಸುಗಳು ಅದರೊಳಗೆ ನುಗ್ಗಿ ಹೊರಬರುತ್ತವೆ. ಕಾಣಿಸುವುದು ಟ್ಯೂಬ್‌ಲೈಟು ಮಾತ್ರ. ರೈಲು ಹಳೇ ದಾರಿಯನ್ನು ಬಿಟ್ಟಿಲ್ಲ. ಬೆಟ್ಟದ ಸೊಂಟ ಬಳಸಿ, ನಿಧಾನವಾಗಿ, ಸಮುದ್ರವನ್ನು ಕಾಲಡಿಯಲ್ಲೇ ಇಟ್ಟುಕೊಂಡು ಹೋಗುತ್ತದೆ. ತಿರುವಿನಲ್ಲಿ ಮುಂದಿನ ಬೋಗಿಗಳು ಕಿಟಕಿಯಿಂದಲೇ ಕಾಣುತ್ತವೆ. ಕೆಳಗೆ ಬಂಡೆ, ಬಿಳಿ ನೊರೆ, ಆ ಕಡೆಯೆಲ್ಲ ನೀಲಿ. ಹ್ಯೂನಿಂದ ಹೋಗುವಾಗ ಸಮುದ್ರ ಎಡಗಡೆ, ಆ ಬದಿಯ ಸೀಟು ಕೇಳಿ. ಈ ಎರಡು ಊರಿನ ನಡುವೆ ಪ್ರವಾಸಿಗರಿಗೆಂದೇ 2024ರಲ್ಲಿ ಶುರುವಾದ ರೈಲೂ ಇದೆ, ದಾರಿಯಲ್ಲಿ ಲಾಂಗ್ ಕೊ ಹಿನ್ನೀರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಡೀ ಪ್ರವಾಸದಲ್ಲಿ ರೈಲು ಹತ್ತುವುದು ಒಂದೇ ಸಲ ಅಂತಾದರೆ ಅದು ಇಲ್ಲೇ ಆಗಲಿ.

ಹೋಯ್ ಆನ್‌ಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಡಾ ನಾಂಗ್‌ನಿಂದ 30 ಕಿ.ಮೀ., ನಾಲ್ಕು ಜನಕ್ಕೆ ಒಂದು ಗ್ರಾಬ್ ಕಾರು (ನಮ್ಮ ಓಲಾ, ಉಬರ್ ಥರ ಆ್ಯಪಿನಲ್ಲಿ ಕರೆಸುವುದು) ಸಾಕು. ಅಲ್ಲಿಂದ ವಾಪಸ್ ಡಾ ನಾಂಗ್‌ಗೆ ಬಂದು ಹೋ ಚಿ ಮಿನ್ ಸಿಟಿಗೆ ವಿಮಾನ ಹಿಡಿಯಿರಿ. ಡಾ ನಾಂಗ್ ವಿಮಾನ ನಿಲ್ದಾಣ ಊರಿನ ಒಳಗೇ ಇದೆ. ರೈಲಿನಲ್ಲಿ ಹೋದರೆ ಒಂದು ಹಗಲೋ ರಾತ್ರಿಯೋ ಪೂರ್ತಿ ಹೋಗುತ್ತದೆ, ಹತ್ತು ದಿನದ ಪ್ರವಾಸಕ್ಕೆ ಅದು ದುಬಾರಿ. ಕಡಿಮೆ ದರದ ಟಿಕೆಟ್ ಆದರೆ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ, ಗೇಟಿನಲ್ಲೂ ತೂಕ ಹಾಕುತ್ತಾರೆ. ದೊಡ್ಡ ಬ್ಯಾಗಿಗೆ ಬುಕ್ ಮಾಡುವಾಗಲೇ ದುಡ್ಡು ಕಟ್ಟಿ. ಊರಿಗೆ ವಾಪಸ್ ಬರುವ ವಿಮಾನ ಇರುವ ದಿನವೇ ಒಳನಾಡಿನ ವಿಮಾನ ಇಟ್ಟುಕೊಳ್ಳಬೇಡಿ. ಹಿಂದಿನ ದಿನವೇ ಹೋ ಚಿ ಮಿನ್ ಸಿಟಿ ತಲುಪಿರಿ.

ಬಸ್ಸಿನ ಬಗ್ಗೆ ಕೇಳಿದ್ದೀರಿ. ಅಲ್ಲಿನ ಸ್ಲೀಪರ್ ಬಸ್ಸು ನಮ್ಮ ಬೆಂಗಳೂರು-ಹುಬ್ಬಳ್ಳಿ ಸ್ಲೀಪರ್ ಹಾಗೆ ಇರುವುದಿಲ್ಲ. ಉದ್ದಕ್ಕೆ ಮೂರು ಸಾಲು, ಮೇಲೊಂದು ಕೆಳಗೊಂದು. ಹತ್ತುವಾಗಲೇ ಚಪ್ಪಲಿ ಬಿಚ್ಚಿ ಕೊಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳಬೇಕು. ಬೆನ್ನು ಅರ್ಧ ಎತ್ತಿಕೊಂಡೇ ಇರುತ್ತದೆ. ಕಾಲನ್ನು ಮುಂದಿನವರ ತಲೆಯ ಕೆಳಗಿರುವ ಡಬ್ಬಿಯಂಥ ಜಾಗಕ್ಕೆ ತೂರಿಸಬೇಕು. ಐದೂವರೆ ಅಡಿ ಇರುವವರಿಗೆ ಪರವಾಗಿಲ್ಲ, ಆರಡಿಯವರಿಗೆ ಕಷ್ಟ. ಎಷ್ಟೋ ಬಸ್ಸುಗಳಲ್ಲಿ ಶೌಚಾಲಯ ಇರುವುದಿಲ್ಲ, ಚಾಲಕ ನಿಲ್ಲಿಸಿದಾಗಲೇ ಇಳಿಯಬೇಕು. ಹರೆಯದವರು ನಾಲ್ಕು ಕಾಸು ಉಳಿಸಲು ಹೋಗಬಹುದು. ಅಪ್ಪ-ಅಮ್ಮನನ್ನು ರಾತ್ರಿಯ ಸ್ಲೀಪರ್ ಬಸ್ಸಿಗೆ ಹತ್ತಿಸುವುದು ನನಗೆ ಒಪ್ಪಿಗೆಯಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಇಳಿಸಿದರೆ ಹೋಟೆಲ್ ರೂಮ್ ಸಿಗುವುದು ಮಧ್ಯಾಹ್ನವೇ. ಅಲ್ಲಿವರೆಗೆ ಹಿರಿಯರು ಎಲ್ಲಿ ಕೂರಬೇಕು?

ಹಗಲಿನ ಬಸ್ಸು ಬೇರೆ ಮಾತು. ಹನೋಯ್‌ನಿಂದ ಹಾ ಲಾಂಗ್ ಕೊಲ್ಲಿಗೆ, ನಿನ್ ಬಿನ್‌ಗೆ ಒಂಬತ್ತು ಸೀಟಿನ ಲಿಮೋಸಿನ್ ವ್ಯಾನುಗಳು ಓಡುತ್ತವೆ. ಹೋಟೆಲಿಗೇ ಬಂದು ಹತ್ತಿಸಿಕೊಳ್ಳುತ್ತವೆ, ಎರಡು-ಎರಡೂವರೆ ಗಂಟೆಯ ದಾರಿ. ಉತ್ತರದ ಬೆಟ್ಟದೂರು ಸಾಪಾಗೆ ಹೋಗುವುದಾದರೂ ಹಗಲಿನ ಬಸ್ಸೇ ಸರಿ, ಐದಾರು ಗಂಟೆ. ರಾತ್ರಿ ರೈಲು ನಿಮ್ಮನ್ನು ಲಾವ್ ಕಾಯ್‌ವರೆಗೆ ಮಾತ್ರ ಬಿಡುತ್ತದೆ, ಅಲ್ಲಿಂದ ಮತ್ತೆ ರಸ್ತೆಯಲ್ಲಿ ಒಂದು ಗಂಟೆ ಘಾಟಿ ಹತ್ತಬೇಕು. ಸೈಗಾನ್‌ನಿಂದ ದಕ್ಷಿಣಕ್ಕೆ ರೈಲೇ ಇಲ್ಲ, ಕಾನ್ ಥೋಗೆ ಬಸ್ಸೇ ಗತಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಅವರ ಹೊಸ ವರ್ಷ ತೇತ್ ಸಮಯದಲ್ಲಿ ಮಾತ್ರ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಇಡೀ ದೇಶ ಊರಿಗೆ ಹೊರಟಿರುತ್ತದೆ. ಆಗ ಹೋಗುವುದಾದರೆ ತಿಂಗಳುಗಟ್ಟಲೆ ಮುಂಚೆ ಟಿಕೆಟ್ ಮಾಡಿಸಿ.

ಇಷ್ಟು ಗೊತ್ತಾದರೆ ಕ್ಯಾಶ್ ಲೆಕ್ಕ ಸುಲಭ. ವಿಮಾನ, ರೈಲು, ಹೋಟೆಲ್, ಇವಕ್ಕೆಲ್ಲ ಮನೆಯಿಂದಲೇ ಕಾರ್ಡಿನಲ್ಲಿ ಕಟ್ಟಿರುತ್ತೀರಿ. ಕೈಯಿಂದ ಕೊಡಬೇಕಾದ್ದು ಊಟ, ಕಾಫಿ, ಟ್ಯಾಕ್ಸಿ, ದೋಣಿ, ಸಂತೆಯ ಖರೀದಿ, ಮತ್ತೆ ಪ್ರವೇಶ ಟಿಕೆಟ್. ಹ್ಯೂ ಅರಮನೆಗೆ ಒಬ್ಬರಿಗೆ 2,00,000 ಡಾಂಗ್, ಹೋಯ್ ಆನ್ ಹಳೇ ಪೇಟೆಗೆ 1,20,000 ಡಾಂಗ್. ಈ ಸೊನ್ನೆಗಳನ್ನು ನೋಡಿ ಹೆದರಬೇಡಿ. ಒಂದು ರೂಪಾಯಿಗೆ ಸುಮಾರು 300 ಡಾಂಗ್. 3 ಲಕ್ಷ ಡಾಂಗ್ ಅಂದರೆ ಸಾವಿರ ರೂಪಾಯಿ ಅಂತ ತಲೆಯಲ್ಲಿಟ್ಟುಕೊಳ್ಳಿ, ಉಳಿದದ್ದು ತಾನಾಗಿ ಬರುತ್ತದೆ. ಅಲ್ಲಿ ಲಕ್ಷದ ಲೆಕ್ಕ ಇಲ್ಲ. 50 ಕೆ ಅಂದರೆ ಐವತ್ತು ಸಾವಿರ, ಅದರ ಮೇಲೆ ಮಿಲಿಯನ್, ಅಂದರೆ ನಮ್ಮ ಹತ್ತು ಲಕ್ಷ. ಟ್ಯಾಕ್ಸಿ ಮೀಟರಿನಲ್ಲಿ ಮೂರು ಸೊನ್ನೆ ಬಿಟ್ಟು ತೋರಿಸುವುದೂ ಉಂಟು.

ನನ್ನ ಅಂದಾಜಿನಲ್ಲಿ ಒಬ್ಬರಿಗೆ ದಿನಕ್ಕೆ 5ರಿಂದ 6 ಲಕ್ಷ ಡಾಂಗ್ ಕೈಖರ್ಚಿಗೆ ಸಾಕು, ಅಂದರೆ 1,700ರಿಂದ 2,000 ರೂಪಾಯಿ. ನಾಲ್ಕು ಜನಕ್ಕೆ ಹತ್ತು ದಿನಕ್ಕೆ ಹೆಚ್ಚೆಂದರೆ 80,000 ರೂಪಾಯಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 600 ಡಾಲರ್ ಸುಮಾರು, ನೋಟಿನಲ್ಲೇ ಒಯ್ಯಿರಿ. ಉಳಿದದ್ದು ಎಟಿಎಂನಿಂದ. ಬೆಂಗಳೂರಿನಲ್ಲೇ ಡಾಂಗ್ ಕೊಳ್ಳಲು ಹೋಗಬೇಡಿ, ದರ ಚೆನ್ನಾಗಿರುವುದಿಲ್ಲ. ಡಾಲರ್ ಕೊಂಡು ಅಲ್ಲಿ ಬದಲಿಸಿ. 100 ಮತ್ತು 50ರ ನೋಟುಗಳಿಗೇ ಒಳ್ಳೆಯ ದರ. ಕೊಳ್ಳುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಚೂರು ಹರಿದಿದ್ದರೆ, ಪೆನ್ನಿನ ಗೀಟು, ಸೀಲು ಇದ್ದರೆ ಅಲ್ಲೇ ಬದಲಿಸಿ ಕೊಡಿ ಅನ್ನಿ. ವಿಯೆಟ್ನಾಂನಲ್ಲಿ ಅಂಥ ನೋಟಿಗೆ ದರ ಕಡಿಮೆ ಮಾಡುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ.

ಇಳಿದ ಕೂಡಲೇ ವಿಮಾನ ನಿಲ್ದಾಣದ ಬ್ಯಾಂಕ್ ಕೌಂಟರಿನಲ್ಲಿ 100 ಡಾಲರ್ ಬದಲಿಸಿ. ಆಮೇಲೆ ಊರಿನಲ್ಲಿ ಬ್ಯಾಂಕ್ ಅಥವಾ ಪರವಾನಗಿ ಇರುವ ಅಂಗಡಿ. ಚಿನ್ನದಂಗಡಿಗಳಲ್ಲಿ ಹೆಚ್ಚು ಕೊಡುತ್ತಾರೆ ಅನ್ನುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಅವುಗಳಲ್ಲಿ ಪರವಾನಗಿ ಇರುವವೂ ಇವೆ, ಇಲ್ಲದವೂ ಇವೆ. 2018ರಲ್ಲಿ ಕಾನ್ ಥೋ ಊರಿನ ಎಲೆಕ್ಟ್ರಿಷಿಯನ್ ಒಬ್ಬ ಪರವಾನಗಿ ಇಲ್ಲದ ಚಿನ್ನದಂಗಡಿಯಲ್ಲಿ 100 ಡಾಲರ್ ಬದಲಿಸಿದ್ದಕ್ಕೆ 90 ಮಿಲಿಯನ್ ಡಾಂಗ್ ದಂಡ ಹಾಕಿದ್ದರು. ನಾಲ್ಕು ರೂಪಾಯಿ ಲಾಭಕ್ಕೆ ಆ ರಗಳೆ ಯಾಕೆ?

ನೋಟು ಕೈಗೆ ಬಂದ ಮೇಲೆ ಒಂದು ಕೆಲಸ ಮಾಡಿ. ರೂಮಿನಲ್ಲಿ ಕೂತು ಎಲ್ಲರೂ ನೋಟುಗಳನ್ನು ಹಾಸಿಗೆಯ ಮೇಲೆ ಹರಡಿ ನೋಡಿ. ಎಲ್ಲದರ ಮೇಲೂ ಹೋ ಚಿ ಮಿನ್ ಮುಖವೇ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಒಂದು 67 ರೂಪಾಯಿ, ಇನ್ನೊಂದು 1,667 ರೂಪಾಯಿ. ಸಂಜೆ ಬೆಳಕಿನಲ್ಲಿ, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದು ಕೊಡುವುದು ಬಹಳ ಸುಲಭ. ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. 20,000ದ ಹಿಂಬದಿಯಲ್ಲಿ ಹೋಯ್ ಆನ್‌ನ ಸೂರಿರುವ ಸೇತುವೆ, 5,00,000ದ ಹಿಂಬದಿಯಲ್ಲಿ ಹೋ ಚಿ ಮಿನ್ ಹುಟ್ಟೂರಿನ ಮನೆ. ಐದು ಲಕ್ಷದ ನೋಟು ಸ್ವಲ್ಪ ಉದ್ದವೂ ಹೌದು. ಅಮ್ಮನ ಪರ್ಸಿನಲ್ಲಿ ಎರಡನ್ನೂ ಬೇರೆ ಬೇರೆ ಖಾನೆಯಲ್ಲಿಡಿ.

ಕಾರ್ಡಿನ ವಿಷಯ. ನಮ್ಮ ಬ್ಯಾಂಕುಗಳ ಕಾರ್ಡಿನಲ್ಲಿ ವಿದೇಶಿ ಬಳಕೆ ತಾನಾಗಿ ಚಾಲೂ ಇರುವುದಿಲ್ಲ, ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು. ಎಟಿಎಂ ಮತ್ತು ಸ್ವೈಪ್ ಎರಡಕ್ಕೂ ಬೇರೆ ಬೇರೆ ಬಟನ್ ಇರುತ್ತದೆ, ಎರಡನ್ನೂ ನೋಡಿ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು ಇರಲಿ, ಇಬ್ಬರ ಹತ್ತಿರ ಒಂದೊಂದು. ಫಾರೆಕ್ಸ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಡಾಂಗ್ ತುಂಬಿಸಲು ಆಗುವುದಿಲ್ಲ. ಡಾಲರ್ ತುಂಬಿಸಿದರೆ ಅಲ್ಲಿ ಮತ್ತೊಮ್ಮೆ ಬದಲಾಗುತ್ತದೆ, ಅದಕ್ಕೂ ಶುಲ್ಕ ಇದೆಯಾ ಅಂತ ಕೇಳಿಯೇ ಮಾಡಿಸಿ. ಎಟಿಎಂಗಳಲ್ಲಿ ಒಂದು ಸಲಕ್ಕೆ ಇಷ್ಟೇ ಅಂತ ಮಿತಿ ಇರುತ್ತದೆ, ಹಲವು ಕಡೆ 2-3 ಮಿಲಿಯನ್. ಪ್ರತಿ ಸಲವೂ ಶುಲ್ಕ. ಹಾಗಾಗಿ ಚೂರು ಚೂರು ತೆಗೆಯದೆ ಒಮ್ಮೆಲೇ ಮಿತಿಯವರೆಗೆ ತೆಗೆಯಿರಿ. ಬ್ಯಾಂಕಿಗೆ ಅಂಟಿಕೊಂಡ ಎಟಿಎಂ, ಬ್ಯಾಂಕ್ ತೆರೆದಿರುವ ಹೊತ್ತು. ಕಾರ್ಡ್ ಸಿಕ್ಕಿಕೊಂಡರೆ ಒಳಗೆ ಹೋಗಿ ಕೇಳಬಹುದು, ಅಲ್ವಾ. ಯಂತ್ರ ರೂಪಾಯಿಯಲ್ಲಿ ಲೆಕ್ಕ ಹಾಕಲಾ ಎಂದು ಕೇಳಿದರೆ ಬೇಡ ಅನ್ನಿ, ಡಾಂಗ್ ಆರಿಸಿ. ಅಂಗಡಿಯಲ್ಲಿ ಸ್ವೈಪ್ ಮಾಡುವಾಗಲೂ ಹಾಗೇ. ರೂಪಾಯಿ ಆರಿಸಿದರೆ ದರ ಅವರು ಹೇಳಿದ್ದೇ ಆಗುತ್ತದೆ.

ಎಟಿಎಂ ಕೊಡುವುದು ಹೆಚ್ಚಾಗಿ 5 ಲಕ್ಷದ ನೋಟು. ಬೀದಿಯಲ್ಲಿ 40,000ಕ್ಕೆ ಬಾನ್ ಮಿ ಸ್ಯಾಂಡ್‌ವಿಚ್ ಮಾರುವ ಅಜ್ಜಿ ಅದಕ್ಕೆ ಚಿಲ್ಲರೆ ಎಲ್ಲಿಂದ ತರಬೇಕು? ಸರ್ಕಲ್ ಕೆ, ವಿನ್‌ಮಾರ್ಟ್ ಥರದ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ಮುರಿಸಿಕೊಳ್ಳಿ. ಮರುದಿನ ಬೆಳಗ್ಗೆ ಊರು ಬಿಡುವುದಿದ್ದರೆ ಹಿಂದಿನ ರಾತ್ರಿಯೇ ಸಣ್ಣ ನೋಟು ಜೋಡಿಸಿಡಿ, ದಾರಿಯಲ್ಲಿ ಅದೇ ಬೇಕಾಗುವುದು.

ಕೊನೆಯ ಎರಡು ದಿನ ಎಟಿಎಂ ಕಡೆ ಹೋಗದೆ ಇರುವ ಡಾಂಗ್ ಖರ್ಚು ಮಾಡಿ. ದೇಶದ ಹೊರಗೆ ಅದನ್ನು ಬದಲಿಸಲು ಹೋದರೆ ಬಹಳ ಕಳೆದುಕೊಳ್ಳುತ್ತೀರಿ. ಒಬ್ಬರ ಕೈಯಲ್ಲಿ 15 ಮಿಲಿಯನ್ ಡಾಂಗ್‌ಗಿಂತ ಅಥವಾ 5,000 ಡಾಲರ್‌ಗಿಂತ ಜಾಸ್ತಿ ಇದ್ದರೆ ಕಸ್ಟಮ್ಸ್‌ಗೆ ಹೇಳಬೇಕು, ನಿಮ್ಮ ಲೆಕ್ಕದಲ್ಲಿ ಅಷ್ಟು ಉಳಿಯುವುದಿಲ್ಲ. ಆದರೂ ಮಿಕ್ಕಿದ್ದರೆ ಹೋ ಚಿ ಮಿನ್ ಸಿಟಿಯ ವಿಮಾನ ನಿಲ್ದಾಣದಲ್ಲಿ ಒಳಗೆ ಹೋಗುವ ಮುಂಚೆಯೇ ಬ್ಯಾಂಕ್ ಕೌಂಟರಿಗೆ ಕೊಟ್ಟು ಡಾಲರ್ ಕೇಳಿ. ಮೊದಲು ಬದಲಿಸಿದಾಗ ಕೊಟ್ಟ ರಸೀದಿಯನ್ನು ಕೇಳಬಹುದು, ಅದನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿರಿ.